ರಾತ್ರಿ 2 ಗಂಟೆ 7 ನಿಮಿಷದ ಕಡತ

ಮೂರನೆಯ ದಿನವೂ ಬೆಳಗ್ಗೆ ಅದೇ ಫೋನು. "ಸಾರ್, ಇವತ್ತೂ ನಿಂತುಹೋಗಿತ್ತು. ಆಫ್ ಮಾಡಿ ಆನ್ ಮಾಡಿದೀನಿ, ಈಗೇನೋ ಸರಿಯಾಗಿದೆ. ಆದ್ರೆ ನಾಳೆ ಬೆಳಗ್ಗೆ ಮತ್ತೆ ಹುಡುಗ್ರು ಪುಸ್ತಕ ಹಿಡ್ಕೊಂಡು ನಿಂತಿರ್ತಾರಲ್ಲ?"

ಮಾತಾಡಿದವರು ಒಂದು ಕಾಲೇಜಿನ ಗ್ರಂಥಪಾಲಕರು. ಅವರ ಮೇಜಿನ ಪಕ್ಕದಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. 2 ಜಿಬಿ ಮೆಮೊರಿ, ಮೇಲೆ ಲಿನಕ್ಸ್. ಯಾವ ಪುಸ್ತಕ ಯಾರ ಕೈಯಲ್ಲಿದೆ ಎಂಬ ಲೆಕ್ಕವೆಲ್ಲ ಅದರೊಳಗಿನ ಮರಿಯಾಡಿಬಿ ಎಂಬ ಡೇಟಾಬೇಸಿನಲ್ಲಿ. ಹಗಲಿಡೀ ಚೆನ್ನಾಗಿ ಓಡುತ್ತಿದ್ದ ಆ ಡೇಟಾಬೇಸ್ ರಾತ್ರಿ ಯಾವುದೋ ಹೊತ್ತಿನಲ್ಲಿ ನಿಂತುಬಿಡುತ್ತಿತ್ತು. ನೋಡಿದವರು ಯಾರೂ ಇಲ್ಲ. ಬಾಗಿಲಿಗೆ ಬೀಗ, ದೀಪ ಆರಿದೆ.

ಆದರೆ ಕಂಪ್ಯೂಟರ್ ಇರುವ ಕೋಣೆಯಲ್ಲಿ ಸಾಕ್ಷಿ ಇಲ್ಲದೆ ಏನೂ ನಡೆಯುವುದಿಲ್ಲ. ಯಾರು ಒಳಗೆ ಬಂದರು, ಯಾವ ಸೇವೆ ಶುರುವಾಯಿತು, ಯಾವ ಡಿಸ್ಕ್ ಓದಲು ತಡಮಾಡಿತು ಎಂಬುದನ್ನೆಲ್ಲ ಲಿನಕ್ಸ್ ಕ್ಷಣಕ್ಷಣಕ್ಕೂ ಸಾಲುಸಾಲಾಗಿ ಬರೆದಿಡುತ್ತದೆ. ಇದೇ ಲಾಗ್. ಬರೆದಿದ್ದರಲ್ಲಿ ಬಹುಪಾಲು ಸಿಗುವುದು 'ವಾರ್' ಎಂಬ ಫೋಲ್ಡರಿನೊಳಗಿನ 'ಲಾಗ್' ಎಂಬ ಫೋಲ್ಡರಿನಲ್ಲಿ. ಒಂದು ಸಾಮಾನ್ಯ ಯಂತ್ರವೂ ದಿನಕ್ಕೆ ಸಾವಿರಾರು ಸಾಲು ಬರೆಯಬಲ್ಲದು. ಬೇಕಾದ ಸಾಲು ಸಾಮಾನ್ಯವಾಗಿ ಅದರಲ್ಲಿ ಇರುತ್ತದೆ. ಕಷ್ಟವಿರುವುದು ಅದನ್ನು ಹೆಕ್ಕುವುದರಲ್ಲಿ.

ಲಿನಕ್ಸನ್ನು ಕನ್ನಡದಲ್ಲಿ ಬಳಸಿದವರಿಗೆ ಗೊತ್ತು, ಅದರ ಮೆನುಗಳಲ್ಲಿ ಫೈಲಿಗೆ ಇಟ್ಟ ಹೆಸರು 'ಕಡತ'. ನಿಜವಾದ ಕಡತವನ್ನು ಕಂಡವರು ಈಗ ಕಡಿಮೆ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ ಅದು. ಬಳಪದಲ್ಲಿ ಬರೆದರೆ ಬಿಳಿಯ ಅಕ್ಷರ ಮೂಡುತ್ತಿತ್ತು. ಶೃಂಗೇರಿ ಮಠದ ಕಡತಗಳು ಇತಿಹಾಸ ಬರೆಯುವವರಿಗೆ ದೊಡ್ಡ ಆಕರ. ಲಿನಕ್ಸಿನ ಟರ್ಮಿನಲ್ ತೆರೆದು ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಇಳಿಯುವುದನ್ನು ನೋಡುವಾಗಲೆಲ್ಲ ನನಗೆ ಆ ಬಟ್ಟೆಯ ಪುಸ್ತಕ ನೆನಪಾಗುತ್ತದೆ. ಎರಡಕ್ಕೂ ಇನ್ನೊಂದು ನಂಟಿದೆ. ಕಡತ ತುಂಬಿದರೆ ಹಳೆಯದನ್ನು ಒರೆಸಿ ಅದರ ಮೇಲೆಯೇ ಬರೆಯಬಹುದಿತ್ತು. ಲಿನಕ್ಸಿನ ತಿರುಳಾದ ಕರ್ನೆಲ್ ಕೂಡ ತನ್ನ ಮಾತುಗಳನ್ನು ಮೊದಲು ಮೆಮೊರಿಯ ಒಂದು ಸಣ್ಣ ಜಾಗದಲ್ಲಿ ಉಂಗುರದ ಹಾಗೆ ಸುತ್ತಿ ಬರೆಯುತ್ತದೆ. ಜಾಗ ಮುಗಿದರೆ ಅತಿ ಹಳೆಯ ಸಾಲಿನ ಮೇಲೆ ಹೊಸ ಸಾಲು. 'ಡಿಮೆಸೇಜ್' ಎಂಬ ಆದೇಶ ತೋರಿಸುವುದು ಈ ಉಂಗುರವನ್ನು. ಯಂತ್ರ ಆಫ್ ಆದರೆ ಅದು ಪೂರ್ತಿ ಅಳಿಸಿಹೋಗುತ್ತದೆ. ಏನೇ ಕೆಟ್ಟರೂ ಮೊದಲು ಆಫ್ ಮಾಡಿ ಆನ್ ಮಾಡುವ ನಮ್ಮ ಅಭ್ಯಾಸ ಈ ದೃಷ್ಟಿಯಿಂದ ದುಬಾರಿ. ಕಳ್ಳತನವಾದ ಮನೆಯನ್ನು ಪೊಲೀಸರು ಬರುವ ಮೊದಲೇ ಗುಡಿಸಿ ಸಾರಿಸಿದ ಹಾಗೆ.

ಅದೃಷ್ಟಕ್ಕೆ ಈ ಸಾಲುಗಳನ್ನು ಡಿಸ್ಕಿಗೆ ಇಳಿಸುವ ಬೇರೆ ಕಾರಕೂನರು ಇದ್ದಾರೆ. ಹಳಬ ಸಿಸ್‌ಲಾಗ್. 1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಎರಿಕ್ ಆಲ್ಮನ್ ತಮ್ಮ ಸೆಂಡ್‌ಮೇಲ್ ಎಂಬ ಅಂಚೆ ತಂತ್ರಾಂಶದ ಜೊತೆಗೆ ಬರೆದದ್ದು. ಅಲ್ಲಿಯವರೆಗೆ ಒಂದೊಂದು ಪ್ರೋಗ್ರಾಮಿಗೆ ಒಂದೊಂದು ಬಗೆಯ ದಿನಚರಿ. ಆಲ್ಮನ್ ಪ್ರತಿ ಸಾಲಿಗೂ ಎರಡು ಗುರುತು ಕಟ್ಟಿದರು: ಯಾವ ಇಲಾಖೆಯಿಂದ ಬಂತು, ಎಷ್ಟು ಗಂಭೀರ. ಗಂಭೀರತೆಗೆ 0ಯಿಂದ 7ರವರೆಗೆ ಎಂಟು ಮೆಟ್ಟಿಲು. 0 ಎಂದರೆ ಯಂತ್ರವೇ ಮುಳುಗುತ್ತಿದೆ, 3 ಎಂದರೆ ತಪ್ಪಾಗಿದೆ, 4 ಎಂದರೆ ಎಚ್ಚರಿಕೆ, 6 ಎಂದರೆ ಬರಿಯ ಮಾಹಿತಿ, 7 ಪ್ರೋಗ್ರಾಮ್ ಬರೆದವರಿಗಷ್ಟೇ ಬೇಕಾದ ವಿವರ. ಸಂಖ್ಯೆ ಇಳಿದಷ್ಟೂ ಅಪಾಯ ಏರುತ್ತದೆ. ಈ ತಲೆಕೆಳಗು ಲೆಕ್ಕವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ನಮ್ಮ ರಾತ್ರಿಯ ಕಥೆ ಇದರ ಮೇಲೆಯೇ ನಿಲ್ಲುತ್ತದೆ.

ಹೊಸ ಕಾರಕೂನ, ಸೇವೆಗಳನ್ನು ಶುರುಮಾಡಿ ನಿಲ್ಲಿಸುವ ಸಿಸ್ಟಮ್‌ಡಿಯ ಜರ್ನಲ್. ಲೆನಾರ್ಟ್ ಪೊಟೆರಿಂಗ್ ಮತ್ತು ಗೆಳೆಯರು 2011ರಲ್ಲಿ ಮುಂದಿಟ್ಟ ಈ ಯೋಜನೆ ಆಗ ದೊಡ್ಡ ಜಗಳವನ್ನೇ ಎಬ್ಬಿಸಿತು. ಸಿಸ್‌ಲಾಗ್ ಬರೆಯುವುದು ಸರಳ ಪಠ್ಯ, ಯಾವ ಉಪಕರಣದಿಂದಲೂ ಓದಬಹುದು. ಜರ್ನಲ್ ಬರೆಯುವುದು ಬೈನರಿ, ಓದಲು ಅದರದ್ದೇ ಆದೇಶ ಬೇಕು: ಜರ್ನಲ್‌ಸಿಟಿಎಲ್. ಲಿನಕ್ಸಿಗೂ ಹಿಂದಿನ ಯುನಿಕ್ಸ್ ಕಾಲದ ಮಂದಿಗೆ ಇದು ದಿನಚರಿಗೆ ಬೀಗ ಹಾಕಿದಂತೆ ಕಂಡಿತು. ನನಗೂ ಮೊದಲು ಒಗ್ಗಲಿಲ್ಲ. ಮನಸ್ಸು ಬದಲಾಗಿದ್ದು ಒಂದು ಸಂಗತಿಯಿಂದ. ಹಳೆಯ ವ್ಯವಸ್ಥೆಯಲ್ಲಿ ಯಾವ ಪ್ರೋಗ್ರಾಮ್ ಬೇಕಾದರೂ ಇನ್ನೊಂದರ ಹೆಸರಿನಲ್ಲಿ ಸಾಲು ಬರೆಯಬಹುದಿತ್ತು. ಜರ್ನಲ್ ಹಾಗಲ್ಲ, ಬರೆದವರು ಯಾರೆಂದು ಕರ್ನೆಲನ್ನೇ ಕೇಳಿ, ಆ ಉತ್ತರವನ್ನು ಪ್ರೋಗ್ರಾಮಿನ ಕೈಗೆ ಎಟುಕದ ಕಡೆ ದಾಖಲಿಸುತ್ತದೆ. ಸಾಕ್ಷಿ ಹೇಳುವವರ ಗುರುತು ಖಾತ್ರಿಯಾಗುವುದು ಸಣ್ಣ ಮಾತಲ್ಲ.

ಗ್ರಂಥಾಲಯಕ್ಕೆ ಹೋಗಿ ಮೊದಲು ತೆರೆದದ್ದು ಡೇಟಾಬೇಸ್ ತಾನೇ ಬರೆದುಕೊಳ್ಳುವ ಫೈಲನ್ನು. ಇದಕ್ಕೆ 'ಟೇಲ್' ಸಾಕು. ಹೆಸರೇ ಹೇಳುವಂತೆ ಅದು ಫೈಲಿನ ಬಾಲವನ್ನಷ್ಟೇ ತೋರಿಸುತ್ತದೆ. ಹಿಂದಿನ ಸಂಜೆಯ ಕೆಲವು ಮಾಮೂಲಿ ಸಾಲುಗಳಿದ್ದವು. ಅದರ ಕೆಳಗೇ ಬೆಳಗ್ಗೆಯ ಸಾಲು, ಅರ್ಧಕ್ಕೆ ನಿಂತ ಕೆಲಸವನ್ನು ಸರಿಪಡಿಸಿಕೊಳ್ಳುತ್ತಿದ್ದೇನೆ ಎಂದು. ನಡುವೆ ಏನೂ ಇಲ್ಲ. ಕ್ರಮವಾಗಿ ನಿಲ್ಲಿಸಿದರೆ ಬೀಳುವ 'ನಾರ್ಮಲ್ ಶಟ್‌ಡೌನ್' ಎಂಬ ಸಾಲೂ ಇಲ್ಲ.

ಆ ಮೌನವೇ ಮೊದಲ ಸುಳಿವು. ತಪ್ಪು ಕಂಡ ಪ್ರೋಗ್ರಾಮ್ ಸಾಮಾನ್ಯವಾಗಿ ಗೊಣಗಿಯೇ ನಿಲ್ಲುತ್ತದೆ. ಒಂದಕ್ಷರವನ್ನೂ ಬರೆಯದೆ ಹೋಗಿದೆ ಎಂದರೆ ಬರೆಯಲು ಬಿಡುವೇ ಸಿಕ್ಕಿಲ್ಲ. ಸತ್ತವರ ದಿನಚರಿಯಲ್ಲಿ ಸಾವಿನ ವಿವರ ಇರುವುದಿಲ್ಲ. ಅದನ್ನು ಅಕ್ಕಪಕ್ಕದವರಲ್ಲಿ ಕೇಳಬೇಕು.

ಜರ್ನಲ್‌ಸಿಟಿಎಲ್‌ಗೆ ಹೋದೆ. ಬರಿದೇ ಆ ಆದೇಶ ಕೊಟ್ಟರೆ ತಿಂಗಳುಗಟ್ಟಲೆಯ ಸಾಲುಗಳು ಮೊದಲಿನಿಂದ ಶುರುವಾಗುತ್ತವೆ. ಅದಕ್ಕೆ ಕಾಲದ ಬೇಲಿ ಹಾಕಬೇಕು. ಯಂತ್ರ ಆನ್ ಆಗಿ ಆಫ್ ಆಗುವವರೆಗಿನ ಅವಧಿಯನ್ನು ಜರ್ನಲ್ ಒಂದು ಜನ್ಮ ಎಂಬಂತೆ ಎಣಿಸುತ್ತದೆ. ಮೈನಸ್ ಬಿ ಎಂದರೆ ಈ ಜನ್ಮ, ಅದರ ಮುಂದೆ ಮೈನಸ್ 1 ಎಂದರೆ ಪೂರ್ವಜನ್ಮ. ಬೆಳಗ್ಗೆ ಆಫ್ ಮಾಡಿ ಆನ್ ಮಾಡಿದ್ದರಲ್ಲ, ನನಗೆ ಬೇಕಾದದ್ದು ಪೂರ್ವಜನ್ಮದ ವೃತ್ತಾಂತ. ಆ ಯಂತ್ರದಲ್ಲಿ ಜರ್ನಲ್ ಡಿಸ್ಕಿನ ಮೇಲೆ ಉಳಿಯುವ ಏರ್ಪಾಡು ಇದ್ದದ್ದರಿಂದ ಅದು ಸಿಕ್ಕಿತು. ಕೆಲವು ಯಂತ್ರಗಳಲ್ಲಿ ಜರ್ನಲ್ ಮೆಮೊರಿಯಲ್ಲಿ ಮಾತ್ರ ಇರುತ್ತದೆ, ಅಲ್ಲಿ ಪೂರ್ವಜನ್ಮದ ನೆನಪು ಉಳಿಯದು. ಇದರ ಜೊತೆಗೆ ಮೈನಸ್ ಯು ಎಂದು ಸೇವೆಯ ಹೆಸರು ಕೊಟ್ಟೆ. ಆ ಸೇವೆ ಬರೆದ ಸಾಲುಗಳ ಜೊತೆಗೆ ಅದರ ಬಗ್ಗೆ ಸಿಸ್ಟಮ್‌ಡಿ ಬರೆದ ಸಾಲುಗಳೂ ಬಂದವು. ಅಲ್ಲಿತ್ತು: ರಾತ್ರಿ 2 ಗಂಟೆ 7 ನಿಮಿಷಕ್ಕೆ ಮುಖ್ಯ ಪ್ರೋಸೆಸ್, ಅಂದರೆ ಓಡುತ್ತಿದ್ದ ಪ್ರೋಗ್ರಾಮ್, ಕೊಲ್ಲಲ್ಪಟ್ಟಿದೆ, ಸಿಗ್ನಲ್ 9.

ಲಿನಕ್ಸಿನಲ್ಲಿ ಪ್ರೋಗ್ರಾಮ್ ನಿಲ್ಲಿಸಲು ಹಲವು ಸಂಜ್ಞೆಗಳಿವೆ. 15 ಎಂದರೆ ಕೈಲಿರುವ ಕೆಲಸ ಮುಗಿಸಿ ಹೊರಡಪ್ಪಾ ಎಂದು ಹೇಳುವುದು. 9 ಬಂದರೆ ಪ್ರೋಗ್ರಾಮಿಗೆ ಅದು ಕೇಳಿಸುವುದೂ ಇಲ್ಲ, ಕರ್ನೆಲ್ ಅದನ್ನು ನೇರವಾಗಿ ಮುಗಿಸಿಬಿಡುತ್ತದೆ. ಮೌನದ ಕಾರಣ ಗೊತ್ತಾಯಿತು. ಕೊಂದವರು ಯಾರು?

ಈಗ ಕರ್ನೆಲಿನ ಸಾಲುಗಳನ್ನಷ್ಟೇ ತೋರಿಸು ಎಂದು ಮೈನಸ್ ಕೆ, ಜೊತೆಗೆ ಗಂಭೀರವಾದದ್ದು ಮಾತ್ರ ಸಾಕು ಎಂದು ಮೈನಸ್ ಪಿ ಕೊಟ್ಟು ಮಿತಿಯನ್ನು ಮೂರನೆಯ ಮೆಟ್ಟಿಲಿಗೆ ಇಟ್ಟೆ. ಆ ಹೊತ್ತಿನ ಒಂದೇ ಒಂದು ಸಾಲು ಬಂತು. 'ಔಟ್ ಆಫ್ ಮೆಮೊರಿ', ಅದರ ಮುಂದೆ ಕೊಲ್ಲಲ್ಪಟ್ಟ ಪ್ರೋಸೆಸಿನ ಸಂಖ್ಯೆ, ಆವರಣದಲ್ಲಿ ಮರಿಯಾಡಿಬಿಯ ಹೆಸರು. ಮೆಮೊರಿ ಪೂರ್ತಿ ಖಾಲಿಯಾಗಿ ಇನ್ನೆಲ್ಲಿಂದಲೂ ಹೊಂದಿಸಲು ಆಗದೆ ಹೋದಾಗ ಕರ್ನೆಲ್ ಇಡೀ ಯಂತ್ರ ಸ್ತಬ್ಧವಾಗದಂತೆ ಒಂದು ಪ್ರೋಸೆಸನ್ನು ಬಲಿ ಕೊಡುತ್ತದೆ. ಆಯ್ಕೆಯ ನಿಯಮ ಮುಖ್ಯವಾಗಿ ಒಂದೇ: ಯಾರು ಹೆಚ್ಚು ಮೆಮೊರಿ ಹಿಡಿದಿದ್ದಾರೋ ಅವರು.

ಇಲ್ಲಿಗೇ ನಿಲ್ಲಿಸಿದ್ದರೆ ತಪ್ಪು ತೀರ್ಪು ಕೊಡುತ್ತಿದ್ದೆ. ಡೇಟಾಬೇಸ್ ಮೆಮೊರಿ ನುಂಗುತ್ತಿದೆ, ಹೊಸ ಕಂಪ್ಯೂಟರ್ ಕೊಳ್ಳಿ ಎಂದು. ಎಷ್ಟೋ ಕಡೆ ಆಗುವುದು ಇದೇ. ಜರಡಿಯ ಕಣ್ಣು ಸಣ್ಣದಿದ್ದರೆ ಬೇಡದ್ದರ ಜೊತೆ ಬೇಕಾದದ್ದೂ ಮೇಲೆಯೇ ಉಳಿಯುತ್ತದೆ. ಕರ್ನೆಲ್ ಬರೆದವರು ಕೊಂದ ಸುದ್ದಿಯನ್ನಷ್ಟೇ ಮೂರನೆಯ ಮೆಟ್ಟಿಲಲ್ಲಿ ಇಟ್ಟಿದ್ದಾರೆ. ಮೆಮೊರಿ ಕೇಳಿ ಈ ಪ್ರಸಂಗ ಶುರುಮಾಡಿದವರು ಯಾರೆಂಬ ಸಾಲು ನಾಲ್ಕನೆಯದರಲ್ಲಿ. ಆ ಕ್ಷಣದಲ್ಲಿ ಯಾರು ಯಾರು ಎಷ್ಟೆಷ್ಟು ಹಿಡಿದಿದ್ದರು ಎಂಬ ಪಟ್ಟಿ ಆರನೆಯದರಲ್ಲಿ, ಬರಿಯ ಮಾಹಿತಿ ಎಂಬ ಲೆಕ್ಕದಲ್ಲಿ. ತನಿಖೆಗೆ ಎಲ್ಲಕ್ಕಿಂತ ಬೇಕಾದ ಕಾಗದ ಈ ಮೂರರಲ್ಲೂ ಕೆಳಗಿನ ಕಪಾಟಿನಲ್ಲಿ!

ಗಂಭೀರತೆಯ ಬೇಲಿ ತೆಗೆದೆ, ಕಾಲದ ಬೇಲಿ ಬಿಗಿಮಾಡಿದೆ. 'ಸಿನ್ಸ್' ಎಂದು 2 ಗಂಟೆ 6 ನಿಮಿಷ, 'ಅಂಟಿಲ್' ಎಂದು 2 ಗಂಟೆ 8 ನಿಮಿಷ. ಎರಡೇ ನಿಮಿಷದ ಎಲ್ಲ ಸಾಲು. ಪಟ್ಟಿ ಸಿಕ್ಕಿತು. ಅದರಲ್ಲಿ ಲೆಕ್ಕವಿರುವುದು ಪುಟಗಳಲ್ಲಿ, ಒಂದು ಪುಟ ಎಂದರೆ 4 ಕಿಲೋಬೈಟ್. ಡೇಟಾಬೇಸಿನ ಹೆಸರಿಗೆ ಸುಮಾರು 2,80,000 ಪುಟ, ಅಂದರೆ 1 ಜಿಬಿಗಿಂತ ಸ್ವಲ್ಪ ಹೆಚ್ಚು. ಹಗಲಿನಲ್ಲೂ ಅದು ಅಷ್ಟೇ ಹಿಡಿಯುತ್ತದೆ, ಹೊಸದೇನಲ್ಲ. ಅದರ ಕೆಳಗೆ ಹಗಲಿನಲ್ಲಿ ಎಂದೂ ಕಾಣದ ಹೆಸರು: ಎಕ್ಸ್‌ಜೆಡ್, ಸುಮಾರು 1,70,000 ಪುಟ. ಕೈಚಾಚಿ ಮೆಮೊರಿ ಕೇಳಿದ್ದು ಪಾಪ ಅಪಾಚೆ ಎಂಬ ವೆಬ್ ಸರ್ವರ್. ಕೇಳಿದವರೊಬ್ಬರು, ಸತ್ತವರೊಬ್ಬರು, ಕಾರಣರಾದವರು ಮೂರನೆಯವರು.

ಎಕ್ಸ್‌ಜೆಡ್ ಫೈಲುಗಳನ್ನು ಹಿಂಡಿ ಚಿಕ್ಕದು ಮಾಡುವ ಉಪಕರಣ. ರಾತ್ರಿ 2 ಗಂಟೆಗೆ ಬ್ಯಾಕಪ್ ಶುರುವಾಗಿ, ಪ್ರತಿ ತಯಾರಾದ ಮೇಲೆ ಅದನ್ನು ಎಕ್ಸ್‌ಜೆಡ್ ಹಿಂಡುತ್ತಿತ್ತು. ಯಾರೋ ಒಳ್ಳೆಯ ಉದ್ದೇಶದಿಂದಲೇ ಹಿಂಡುವ ಮಟ್ಟವನ್ನು ಗರಿಷ್ಠವಾದ 9ಕ್ಕೆ ಏರಿಸಿದ್ದರು. ಆ ಮಟ್ಟದಲ್ಲಿ ಎಕ್ಸ್‌ಜೆಡ್‌ಗೆ 674 ಎಂಬಿ ಮೆಮೊರಿ ಬೇಕು ಎಂದು ಅದರ ಕೈಪಿಡಿಯಲ್ಲೇ ಬರೆದಿದೆ. ಮಾಮೂಲಿ ಮಟ್ಟವಾದ 6ಕ್ಕೆ 94 ಎಂಬಿ ಸಾಕು.

ಅಲ್ಲೇ ಕೂತಿದ್ದಾಗ ಇನ್ನೊಂದು ಬಗೆಯ ಸಾಲು ಕಣ್ಣಿಗೆ ಬಿತ್ತು, ನಿಮಿಷಕ್ಕೆ ನಾಲ್ಕಾರು ಬಾರಿ: 'ಫೇಲ್ಡ್ ಪಾಸ್‌ವರ್ಡ್'. ಹೊರಗಿನಿಂದ ಯಾರೋ ರೂಟ್, ಅಡ್ಮಿನ್, ಟೆಸ್ಟ್ ಎಂದು ಹೆಸರು ಬದಲಿಸುತ್ತಾ, ದೂರದಿಂದ ಯಂತ್ರದೊಳಗೆ ಬರುವ ಎಸ್‌ಎಸ್‌ಎಚ್ ಬಾಗಿಲಿನ ಬೀಗ ಅಲುಗಿಸುತ್ತಿದ್ದರು. ಅಂತರ್ಜಾಲಕ್ಕೆ ತೆರೆದ ಯಾವ ಯಂತ್ರಕ್ಕೂ ಇದು ತಪ್ಪದು, ಮಾಡುವವು ಸ್ವಯಂಚಾಲಿತ ಪ್ರೋಗ್ರಾಮುಗಳು. ಯಾವ ವಿಳಾಸದಿಂದ ಎಷ್ಟು ಸಲ ಎಂದು ಎಣಿಸಬೇಕೆನಿಸಿತು. ಇಂಥದ್ದಕ್ಕೆ ಅರ್ಧ ಶತಮಾನ ಹಳೆಯ ಉಪಕರಣಗಳೇ ಚೆಂದ. ಡಗ್ ಮೆಕಿಲ್ರಾಯ್ ವರ್ಷಗಳ ಕಾಲ ಬೆನ್ನುಹತ್ತಿ ಕೇಳಿದ್ದಕ್ಕೆ ಕೆನ್ ಥಾಂಪ್ಸನ್ 1973ರಲ್ಲಿ ಯುನಿಕ್ಸಿಗೆ ಪೈಪ್ ಸೇರಿಸಿದರು. ಒಂದು ಪ್ರೋಗ್ರಾಮ್ ಉಗುಳಿದ್ದನ್ನು ಇನ್ನೊಂದು ಕುಡಿಯುವ ಏರ್ಪಾಡು ಅದು. ಹೇಳಿದ ಪದವಿರುವ ಸಾಲುಗಳನ್ನಷ್ಟೇ ಹೆಕ್ಕುವ 'ಗ್ರೆಪ್' ಕೂಡ ಥಾಂಪ್ಸನ್ ಅವರದ್ದೇ.

ಜರ್ನಲಿನ ಸಾಲುಗಳನ್ನು ಗ್ರೆಪ್‌ಗೆ ಹರಿಸಿದೆ, ಅಲ್ಲಿಂದ 'ಆಕ್' ಎಂಬ ಉಪಕರಣಕ್ಕೆ. ಸಾಲನ್ನು ಪದಗಳಾಗಿ ಒಡೆದು ನಾವು ಹೇಳಿದ ಸ್ಥಾನದ ಪದವನ್ನು ಎತ್ತಿಕೊಡುವುದು ಅದರ ಕೆಲಸ. ಇಲ್ಲಿ ಹೊಸಬರು ಎಡವುತ್ತಾರೆ. ಇಲ್ಲದ ಬಳಕೆದಾರರ ಹೆಸರು ಕೊಟ್ಟಿದ್ದರೆ ಸಾಲಿನ ನಡುವೆ 'ಇನ್‌ವ್ಯಾಲಿಡ್ ಯೂಸರ್' ಎಂಬ ಎರಡು ಪದ ಹೆಚ್ಚು ಸೇರಿ ವಿಳಾಸ ಮುಂದೆ ಜರುಗುತ್ತದೆ. ಎಡದಿಂದ ಎಣಿಸಿದರೆ ತಪ್ಪು ಪದ ಸಿಗುತ್ತದೆ. ಬಲದಿಂದ ಎಣಿಸಿದರೆ ವಿಳಾಸ ಯಾವಾಗಲೂ ನಾಲ್ಕನೆಯದು. ಹೆಕ್ಕಿದ ವಿಳಾಸಗಳಲ್ಲಿ ಒಂದೇ ತರಹದವನ್ನು 'ಸಾರ್ಟ್' ಒತ್ತಟ್ಟಿಗೆ ತರುತ್ತದೆ, 'ಯುನೀಕ್' ಎಣಿಸುತ್ತದೆ. ಸಾರ್ಟ್ ಬಿಟ್ಟರೆ ಯುನೀಕ್ ತಪ್ಪೆಣಿಸುತ್ತದೆ, ಏಕೆಂದರೆ ಅದು ನೋಡುವುದು ಪಕ್ಕಪಕ್ಕದ ಸಾಲುಗಳನ್ನು ಮಾತ್ರ. ಕೊನೆಗೆ ಇನ್ನೊಂದು ಸಾರ್ಟ್, ದೊಡ್ಡ ಸಂಖ್ಯೆ ಮೇಲೆ ಬರಲೆಂದು. ಒಂದೇ ಸಾಲಿನ ಈ ಆದೇಶ ಕ್ಷಣದಲ್ಲಿ ಉತ್ತರ ಕೊಟ್ಟಿತು: ಪ್ರಯತ್ನಗಳಲ್ಲಿ ಬಹುಪಾಲು ಬೆರಳೆಣಿಕೆಯ ವಿಳಾಸಗಳಿಂದ. ಪಾಸ್‌ವರ್ಡಿನ ಬಾಗಿಲನ್ನೇ ಮುಚ್ಚಿ, ಕೀಲಿ ಫೈಲ್ ಇದ್ದವರಿಗೆ ಮಾತ್ರ ಪ್ರವೇಶ ಎಂದು ಬದಲಿಸಿದೆ.

ಲಾಗ್ ಫೈಲುಗಳನ್ನು ಎಲ್ಲರಿಗೂ ಓದಲು ಬಿಡದಿರುವುದಕ್ಕೆ ಕಾರಣವಿದೆ. ಅವಸರದಲ್ಲಿ ಜನ ಹೆಸರಿನ ಜಾಗದಲ್ಲೇ ಪಾಸ್‌ವರ್ಡ್ ಒತ್ತಿಬಿಡುತ್ತಾರೆ. ಯಂತ್ರ ಅದನ್ನು 'ಇಂಥ ಬಳಕೆದಾರರಿಲ್ಲ' ಎಂದು ನಿಷ್ಠೆಯಿಂದ ಲಾಗಿನಲ್ಲಿ ಬರೆದಿಡುತ್ತದೆ. ಕಾಲದ ವಿಷಯದಲ್ಲೂ ಎಚ್ಚರ ಬೇಕು. ಸಿಸ್‌ಲಾಗಿನ ಹಳೆಯ ನಮೂನೆಯಲ್ಲಿ ತಿಂಗಳು, ದಿನ, ಗಂಟೆ ಇರುತ್ತವೆ, ವರ್ಷವೇ ಇರುವುದಿಲ್ಲ. ಎರಡು ಯಂತ್ರಗಳ ಗಡಿಯಾರದಲ್ಲಿ ಐದು ನಿಮಿಷದ ವ್ಯತ್ಯಾಸವಿದ್ದರೆ ಯಾವುದು ಮೊದಲು, ಯಾವುದು ನಂತರ ಎಂಬುದೇ ಅದಲುಬದಲು. ಸೈಬರ್ ಭದ್ರತೆ ನೋಡಿಕೊಳ್ಳುವ ಭಾರತದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಲಾಗುಗಳನ್ನು 180 ದಿನ ಉಳಿಸಿಡಬೇಕು ಎಂದು ಸಂಸ್ಥೆಗಳಿಗೆ ಹೇಳಿದಾಗ, ಗಡಿಯಾರಗಳನ್ನು ಪ್ರಮಾಣಿತ ಸಮಯಕ್ಕೆ ಹೊಂದಿಸಬೇಕು ಎಂದೂ ಸೇರಿಸಿತು. ತನಿಖೆ ಮಾಡಿದವರ ಅನುಭವ ಆ ಮಾತಿನಲ್ಲಿದೆ.

ಬ್ಯಾಕಪ್ ಆದೇಶದಲ್ಲಿ 9 ಇದ್ದದ್ದನ್ನು 6 ಮಾಡಿದೆ. ಹೊಸ ಯಂತ್ರ ಬೇಕಾಗಲಿಲ್ಲ. ಹೊರಡುವ ಮೊದಲು ಗ್ರಂಥಪಾಲಕರಿಗೆ ಒಂದು ಆದೇಶವನ್ನು ಚೀಟಿಯಲ್ಲಿ ಬರೆದುಕೊಟ್ಟೆ: ಕರ್ನೆಲ್ ಮಾತ್ರ, ಮೂರನೆಯ ಮೆಟ್ಟಿಲಿನವರೆಗೆ, ರಾತ್ರಿ 2ರಿಂದ 3ರವರೆಗೆ. "ಮೇಡಂ, ಬೆಳಗ್ಗೆ ಬಂದ ತಕ್ಷಣ ಇದನ್ನ ಒತ್ತಿ, ಏನು ಬಂತು ಅಂತ ಹೇಳಿ."

ಮರುದಿನ ಒಂಬತ್ತಕ್ಕೆ ಫೋನ್ ಬಂತು. "ಸಾರ್, ಒಂದೇ ಸಾಲು ಬಂದಿದೆ, ಓದ್ಲಾ? 'ನೋ ಎಂಟ್ರೀಸ್'."