ಕೀಲಿಮಣೆಯ ಜೋಡಣೆ ಮತ್ತು ಶಾಸನಪಾಠದ ಎರಡು ಅಕ್ಷರಗಳು

ಶಾಸನಗಳ ಪಾಠವನ್ನು ಗಣಕಯಂತ್ರದಲ್ಲಿ ಸಿದ್ಧಪಡಿಸುವ ಕಾರ್ಯದಲ್ಲಿ ತೊಡಗಿದವರಿಗೆ ಒಂದು ತೊಡಕು ಪರಿಚಿತವಾದುದೇ ಆಗಿದೆ. ಹಳಗನ್ನಡದ ಱಕಾರ ೞಕಾರಗಳು ಮೂಲಪ್ರತಿಯಲ್ಲಿ ಸ್ಪಷ್ಟವಾಗಿರುತ್ತವೆ; ನಾವು ಒತ್ತುವ ಕೀಲಿಗಳ ಮೇಲೆ ಮಾತ್ರ ಅವು ಕಾಣುವುದಿಲ್ಲ. ಕೆಲವು ತಂತ್ರಾಂಶಗಳಲ್ಲಿ ಅವುಗಳಿಗೆ ಕೂಡುಕೀಲಿಗಳ ಉಪಾಯವುಂಟು. ಆದರೆ ಒಂದರಲ್ಲಿ ಕಲಿತುದು ಮತ್ತೊಂದರಲ್ಲಿ ನಡೆಯುವುದೆಂಬ ಭರವಸೆಯಿಲ್ಲ. ಕೆಲಸದ ಭರದಲ್ಲಿ ವಿದ್ಯಾರ್ಥಿಯು ಱ ಇದ್ದೆಡೆ ರ ಎಂದೂ ೞ ಇದ್ದೆಡೆ ಳ ಎಂದೂ ಒತ್ತಿ ಮುಂದೆ ಸಾಗುತ್ತಾನೆ.

ಇದು ಅಲ್ಪದೋಷವಲ್ಲ. ಅಱಿ ಎಂದರೆ ತಿಳಿ, ಅರಿ ಎಂದರೆ ಶತ್ರು. ಕಱೆ ಎಂಬುದು ಹಾಲು ಕರೆಯುವುದಕ್ಕೆ, ಕರೆ ಎಂಬುದು ಕೂಗುವುದಕ್ಕೆ. ಅರ್ಥದ ಮಾತು ಹಾಗಿರಲಿ, ಕಾಲನಿರ್ಣಯದ ಮಾತೂ ಇಲ್ಲಿದೆ. ಗೞ್ದೆ ಎಂಬುದು ಗರ್ದೆಯಾಗಿ ಗದ್ದೆಯಾದುದು, ಕೞ್ತೆ ಎಂಬುದು ಕರ್ತೆಯಾಗಿ ಕತ್ತೆಯಾದುದು ಒಂದೇ ದಿನದಲ್ಲಿ ನಡೆದುದಲ್ಲ. ೞಕಾರವು ಸುಮಾರು ಹತ್ತರಿಂದ ಹನ್ನೆರಡನೆಯ ಶತಮಾನಗಳೊಳಗೆ ಬಳಕೆಯಿಂದ ಜಾರತೊಡಗಿತು. ಱಕಾರವು ಬರಹದಲ್ಲಿ ಅದಕ್ಕಿಂತ ಬಹುಕಾಲ ಉಳಿಯಿತು. ತೇದಿಯಿಲ್ಲದ ಶಾಸನದ ಕಾಲವನ್ನು ಊಹಿಸುವಾಗ ಲಿಪಿಯ ಆಕಾರದೊಡನೆ ಈ ವ್ಯತ್ಯಾಸಗಳನ್ನೂ ಸಾಕ್ಷ್ಯವಾಗಿ ಹಿಡಿಯುವುದು ವಾಡಿಕೆ. ಕೀಲಿಯಿಲ್ಲವೆಂಬ ಕಾರಣಕ್ಕೆ ಅಕ್ಷರವನ್ನು ಬಿಟ್ಟರೆ ಸಾಕ್ಷಿಯನ್ನೇ ಅಳಿಸಿದಂತಾಗುತ್ತದೆ.

ಈ ಕೊರತೆಯನ್ನು ನೀಗುವ ಉದ್ದೇಶದಿಂದ ನಾವು ಬಿಡಿಭಾಗಗಳ ರೂಪದಲ್ಲಿ ದೊರೆಯುವ 61 ಕೀಲಿಗಳ ಯಾಂತ್ರಿಕ ಕೀಲಿಮಣೆಯೊಂದನ್ನು ತರಿಸಿ, ಕೈಯಾರೆ ಜೋಡಿಸಿ, ನಮ್ಮ ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸಿಕೊಂಡೆವು. ಸಾಮಾನ್ಯ ಕೀಲಿಮಣೆಯಲ್ಲಿ ಎಲ್ಲ ಕೀಲಿಗಳ ಕೆಳಗೂ ಒಂದೇ ರಬ್ಬರು ಹಾಳೆ ಇರುತ್ತದೆ. ಯಾಂತ್ರಿಕವೆನಿಸಿದುದರಲ್ಲಿ ಪ್ರತಿಯೊಂದು ಕೀಲಿಗೂ ತನ್ನದೇ ಆದ ಸ್ಪ್ರಿಂಗು ಮತ್ತು ಸ್ವಿಚ್ಚು ಉಂಟು. ಹೊರಕವಚ, ಲೋಹದ ಫಲಕ, ವಿದ್ಯುನ್ಮಂಡಲದ ಹಲಗೆ, ಸ್ವಿಚ್ಚುಗಳು, ಉದ್ದದ ಕೀಲಿಗಳನ್ನು ಸಮನಾಗಿರಿಸುವ ತಂತಿಗಳು, ಟೋಪಿಗಳು: ಇಷ್ಟೇ ಸಾಮಗ್ರಿ.

ಇವನ್ನು ಮೇಜಿನ ಮೇಲೆ ಹರಡಿದಾಗ, ಚರಿತ್ರೆಯ ಅಧ್ಯಾಪಕರಾದ ನಮಗೆ, 1947ರಲ್ಲಿ ವ್ಹೀಲರ್ ಅವರು ಬ್ರಹ್ಮಗಿರಿಯಲ್ಲಿ ತೋಡಿಸಿದ ಸ್ತರಗಳ ನೆನಪಾಯಿತು. ಏಕೆಂದರೆ ಈ ವಸ್ತುವಿನ ಒಂದೊಂದು ಅಂಗವೂ ಒಂದೊಂದು ಕಾಲಕ್ಕೆ ಸೇರಿದುದು. ಅತ್ಯಂತ ಹಳೆಯ ಸ್ತರ ಅಕ್ಷರಗಳ ಅನುಕ್ರಮ. ಅಮೆರಿಕಾದ ಮಿಲ್ವಾಕೀ ನಗರದ ಕ್ರಿಸ್ಟಫರ್ ಶೋಲ್ಸ್ ಮತ್ತು ಅವನ ಸಂಗಡಿಗರು 1868ರಲ್ಲಿ ಹಕ್ಕುಪತ್ರ ಪಡೆದು ಬೆಳೆಸಿದ ಬೆರಳಚ್ಚು ಯಂತ್ರವನ್ನು ರೆಮಿಂಗ್ಟನ್ ಕಂಪನಿಯು 1874ರಲ್ಲಿ ಮಾರಾಟಕ್ಕೆ ತಂದಿತು. ಅದರಲ್ಲಿ ದೊಡ್ಡಕ್ಷರಗಳು ಮಾತ್ರ ಇದ್ದುವು. ಶಿಫ್ಟ್ ಕೀಲಿ ಬಂದುದು 1878ರ ಎರಡನೆಯ ಮಾದರಿಯಲ್ಲಿ. ಬೆರಳುಗಳ ವೇಗವನ್ನು ತಗ್ಗಿಸಲೆಂದೇ ಈ ಅನುಕ್ರಮವನ್ನು ಹೂಡಿದರೆಂಬ ಕಥೆ ಬಹಳ ಪ್ರಚಾರದಲ್ಲಿದೆ. ಅದನ್ನು ನಾವು ನಂಬುವುದಿಲ್ಲ. ಜಪಾನಿನ ಯಾಸುವೋಕಾ ವಿದ್ವಾಂಸರಿಬ್ಬರು 2011ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅದನ್ನು ಅಲ್ಲಗಳೆದು, ತಂತಿ ಕಚೇರಿಯವರ ಅಗತ್ಯಗಳ ಕಡೆಗೆ ಬೆರಳು ತೋರಿದ್ದಾರೆ. ಇನ್ನು ಕೀಲಿಗಳ ಸಾಲುಗಳು ಒಂದರ ಕೆಳಗೊಂದು ನೇರವಾಗಿರದೆ ಓರೆಯಾಗಿರುವುದನ್ನು ನೋಡಿರಿ. ಹಿಂದೆ ಪ್ರತಿಯೊಂದು ಕೀಲಿಯಿಂದಲೂ ಒಂದು ಸನ್ನೆಕಡ್ಡಿ ಹಿಂದಕ್ಕೆ ಹಾಯಬೇಕಾಗಿದ್ದಿತು. ಒಂದಕ್ಕೊಂದು ತಾಗದಂತೆ ಸಾಲುಗಳನ್ನು ಪಕ್ಕಕ್ಕೆ ಸರಿಸಿದರು. ಕಡ್ಡಿ ಹೋಯಿತು, ಓರೆ ಉಳಿಯಿತು.

ಸ್ವಿಚ್ಚುಗಳು ಇತ್ತೀಚಿನ ಸ್ತರದವು. ಚೆರ್ರಿ ಕಂಪನಿಯು 1980ರ ದಶಕದಲ್ಲಿ ಹೊರತಂದ ಎಂ.ಎಕ್ಸ್. ಮಾದರಿಯ ಶಿಲುಬೆಯಾಕಾರದ ಕಂಬವೇ ಇಂದಿಗೂ ಪ್ರಮಾಣ. ಅದರ ಹಕ್ಕುಪತ್ರದ ಅವಧಿ ತೀರಿದಮೇಲೆ ಇತರ ತಯಾರಕರೂ ಅದೇ ಅಳತೆಯಲ್ಲಿ ಮಾಡತೊಡಗಿದರು. ಕೀಲಿಯು ಒಟ್ಟು 4 ಮಿಲಿಮೀಟರು ಇಳಿಯುತ್ತದೆ. ಸುಮಾರು 2 ಮಿಲಿಮೀಟರು ಇಳಿದಾಗಲೇ ಸಂಪರ್ಕವಾಗುತ್ತದೆ. ನೇರವಾಗಿ ಇಳಿಯುವುದು, ನಡುವೆ ಸಣ್ಣ ಉಬ್ಬು ತಾಗುವುದು, ಉಬ್ಬಿನೊಡನೆ ಸದ್ದೂ ಮಾಡುವುದು ಎಂದು ಮೂರು ಜಾತಿ. ಗ್ರಂಥಾಲಯದ ಪಕ್ಕದ ಕೊಠಡಿಯಲ್ಲಿ ಕೆಲಸಮಾಡುವ ನಾವು ಎರಡನೆಯದನ್ನು ಆರಿಸಿದೆವು.

ಜೋಡಿಸುವ ಕ್ರಮದಲ್ಲಿ ಮೊದಲು ಮಾಡತಕ್ಕದ್ದು ಹಲಗೆಯ ಪರೀಕ್ಷೆ. ಅದನ್ನು ಗಣಕಕ್ಕೆ ಹೂಡಿ, ಪ್ರತಿಯೊಂದು ಸ್ವಿಚ್ಚಿನ ಎರಡು ಸಂಪರ್ಕಗಳನ್ನೂ ಚಿಮ್ಮಟದಿಂದ ಮುಟ್ಟಿಸಿದರೆ ಆಯಾ ಅಕ್ಷರ ಮೂಡಬೇಕು. ಅನಂತರ ಸ್ಪೇಸ್, ಶಿಫ್ಟ್, ಎಂಟರ್ ಮೊದಲಾದ ಉದ್ದದ ಕೀಲಿಗಳ ತಂತಿಗಳನ್ನು ಹಲಗೆಗೆ ಬಿಗಿಯಬೇಕು. ತಂತಿಯ ತುದಿಗಳಿಗೆ ಗಟ್ಟಿಯಾದ ಗ್ರೀಸನ್ನು ಹಚ್ಚದಿದ್ದರೆ ಅವು ಗಲಗಲನೆ ಸದ್ದುಮಾಡುತ್ತವೆ. ಫಲಕವನ್ನೂ ಸ್ವಿಚ್ಚುಗಳನ್ನೂ ಕೂಡಿಸಿದಮೇಲೆ ಈ ತಂತಿಗಳನ್ನು ಸೇರಿಸಲಾಗದು. ನಾವು ಇದನ್ನು ಮರೆತು, ಕೂಡಿಸಿದ 61 ಸ್ವಿಚ್ಚುಗಳನ್ನೂ ಕಿತ್ತು ಮೊದಲಿನಿಂದ ಪ್ರಾರಂಭಿಸಬೇಕಾಯಿತು. ಬೆಸುಗೆಯಿಲ್ಲದೆ ಸಿಕ್ಕಿಸುವ ಹಲಗೆಯನ್ನು ತರಿಸಿದ್ದುದರಿಂದ ಬದುಕಿದೆವು. ಸ್ವಿಚ್ಚನ್ನು ಒತ್ತುವಾಗ ಹಲಗೆಯ ಅಡಿಗೆ ಇನ್ನೊಂದು ಕೈಯ ಆಧಾರವಿರಬೇಕು. ಇಲ್ಲವಾದರೆ ಸಿಕ್ಕಿಸುವ ಗೂಡು ಕಿತ್ತುಬರುತ್ತದೆ. ಕಾಲು ಮಡಿಚಿಕೊಂಡ ಸ್ವಿಚ್ಚು ಮೇಲಿಂದ ಸರಿಯಾಗಿಯೇ ಕಾಣುತ್ತದೆ, ಕೆಲಸಮಾಡುವುದಿಲ್ಲ. ನಮ್ಮಲ್ಲಿ ಹಕಾರ ಹೀಗೆ ಒಂದು ಸಂಜೆ ಮೌನವಾಗಿದ್ದಿತು. ಸ್ವಿಚ್ಚುಗಳನ್ನೂ ಒಂದೊಂದಾಗಿ ಬಿಚ್ಚಿ ಒಳಗೆ ಎಣ್ಣೆ ಸವರುವವರುಂಟು. ಅದು ವೀಣೆಗೆ ಮೇಳ ಕಟ್ಟುವವರ ತಾಳ್ಮೆ. ನಾವು ಅದಕ್ಕೆ ಕೈಹಾಕಲಿಲ್ಲ.

61 ಕೀಲಿಗಳಿಗೆ 61 ತಂತಿಗಳು ಬೇಡವೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಬೇಡ. 5 ಅಡ್ಡಸಾಲು, 14 ಕಂಬಸಾಲುಗಳ ಜಾಲವನ್ನು ಹೆಣೆದರೆ 70 ಸಂಧಿಗಳಾಗುತ್ತವೆ. 19 ತಂತಿಗಳು ಸಾಕು. ಒಳಗಿನ ಸೂಕ್ಷ್ಮಗಣಕವು ಸಾಲುಗಳನ್ನು ಒಂದಾದಮೇಲೊಂದರಂತೆ ಸೆಕೆಂಡಿಗೆ ನೂರಾರು ಬಾರಿ ತಡವಿನೋಡುತ್ತದೆ. ಒಂದೇ ಚೌಕದ ಮೂರು ಮೂಲೆಗಳನ್ನು ಒಟ್ಟಿಗೆ ಒತ್ತಿದಾಗ ನಾಲ್ಕನೆಯದೂ ಒತ್ತಿದಂತೆ ಭ್ರಮೆಯಾಗಬಾರದೆಂದು ಪ್ರತಿಯೊಂದು ಸ್ವಿಚ್ಚಿಗೂ ಒಂದು ಡಯೋಡನ್ನು ಇಟ್ಟಿರುತ್ತಾರೆ.

ಇಲ್ಲಿಂದ ಮುಂದಿನದೇ ನಮಗೆ ಮುಖ್ಯವಾದ ಭಾಗ. ಬೆರಳಚ್ಚು ಯಂತ್ರದಲ್ಲಿ ಅಕ್ಷರವು ಸನ್ನೆಯ ತುದಿಯ ಲೋಹದಲ್ಲೇ ಎರಕವಾಗಿದ್ದಿತು. ಕನ್ನಡದ ಯಂತ್ರಗಳಲ್ಲಿ ಅಕ್ಷರಗಳನ್ನು ತುಂಡುಮಾಡಿ, ಒತ್ತುಗಳಿಗೆ ಉರುಳೆ ಸರಿಯದ ಕೀಲಿಗಳನ್ನು ಇಟ್ಟು, ಲಿಪಿಯನ್ನು ಯಂತ್ರಕ್ಕೆ ಒಗ್ಗಿಸಬೇಕಾಯಿತು. ಈಗಿನ ಕೀಲಿಮಣೆಯಾದರೋ ಅಕ್ಷರವನ್ನು ಕಳುಹಿಸುವುದೇ ಇಲ್ಲ. ಅದು ಕಳುಹಿಸುವುದು ಸ್ಥಾನದ ಸಂಖ್ಯೆ. ಇಂಗ್ಲಿಷಿನ ಎ ಎಂದು ಮುದ್ರಿತವಾದ ಕೀಲಿಯ ಸಂಖ್ಯೆ 4. ಆ ಸಂಖ್ಯೆಗೆ ಅಕ್ಷರದ ಅರ್ಥವನ್ನು ಕೊಡುವುದು ಗಣಕದೊಳಗಿನ ವಿನ್ಯಾಸ. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ ಕನ್ನಡ ಎಂಬ ಪದಕ್ಕೆ ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಲಿಗಳು. ನಡುವಣ ಎಫ್ ಎಂಬುದು ಹಲಂತ. ಒತ್ತಕ್ಷರಗಳಿಗೆಲ್ಲ ಬೇಕಾದ ಈ ಚಿಹ್ನೆ ಎಡಗೈಯ ತೋರುಬೆರಳ ಕೆಳಗೇ ಇರುವುದು ಬಹಳ ವಿವೇಕದ ಏರ್ಪಾಡು. ಆದುದರಿಂದ ಅಕ್ಷರಗಳ ಸ್ಥಾನವನ್ನು ನಾವು ಸ್ವಲ್ಪವೂ ಕದಲಿಸಲಿಲ್ಲ. ಎಲ್ಲವನ್ನೂ ತನಗೆ ಬೇಕಾದಂತೆ ತಿರುಗಿಸಿಕೊಂಡವನು ಬೇರೊಂದು ಯಂತ್ರದ ಮುಂದೆ ಕುಳಿತಾಗ ನಿರಕ್ಷರಿಯಾಗುತ್ತಾನೆ.

ನಾವು ಬದಲಿಸಿದುದು ಕ್ಯಾಪ್ಸ್ ಲಾಕ್ ಕೀಲಿಯನ್ನು. ಕನ್ನಡ ಬರೆಯುವಾಗ ಅದಕ್ಕೆ ಕೆಲಸವಿಲ್ಲ. ತಪ್ಪಿ ತಾಗಿದರೆ ತ ಎಂಬುದು ಥ ಆಗುತ್ತದೆ. ಜಪಾನಿನ ಜುನ್ ವಾಕೊ ಅವರ ಟಿ.ಎಂ.ಕೆ.ಯಿಂದ ಬೆಳೆದ ಕ್ಯೂ.ಎಂ.ಕೆ. ಎಂಬ ಮುಕ್ತ ತಂತ್ರಾಂಶದ ಮೂಲಕ ಅದನ್ನು ಎರಡನೆಯ ಪದರದ ಕೀಲಿಯನ್ನಾಗಿ ಮಾಡಿದೆವು. ಅದನ್ನು ಅದುಮಿ ಹಿಡಿದು ಆರ್ ಒತ್ತಿದರೆ ಱ, ಎಲ್ ಒತ್ತಿದರೆ ೞ. ಹೇಳುವಷ್ಟು ಸುಲಭವಾಗಿ ಇದು ಆಗಲಿಲ್ಲ. ಯೂನಿಕೋಡ್ ಸಂಕೇತವನ್ನು ಕೀಲಿಮಣೆಯೇ ನಮ್ಮ ಪರವಾಗಿ ಒತ್ತಿಕೊಡಬೇಕು: ಲಿನಕ್ಸ್ ವ್ಯವಸ್ಥೆಯ ಹಲವು ತಂತ್ರಾಂಶಗಳಲ್ಲಿ ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ, ಬಳಿಕ ಸೊನ್ನೆ, ಸಿ, ಡಿ, ಇ. ಮೊದಲ ಪ್ರಯತ್ನದಲ್ಲಿ ೞಕಾರದ ಬದಲಿಗೆ 0ಚದೆ ಎಂದು ಮೂಡಿತು! ಗಣಕದಲ್ಲಿ ಕನ್ನಡ ವಿನ್ಯಾಸ ಜಾರಿಯಲ್ಲಿದ್ದುದರಿಂದ ಸಂಕೇತದ ಅಕ್ಷರಗಳೇ ಕನ್ನಡವಾಗಿಬಿಟ್ಟಿದ್ದುವು. ಮೊದಲು ಇಂಗ್ಲಿಷಿಗೆ ಹೊರಳಿ, ಸಂಕೇತವನ್ನೊತ್ತಿ, ಮತ್ತೆ ಕನ್ನಡಕ್ಕೆ ಮರಳುವಂತೆ ಆಜ್ಞೆಗಳನ್ನು ಜೋಡಿಸಿದಮೇಲೆ ಸರಿಹೋಯಿತು. ವಿಂಡೋಸ್ ವ್ಯವಸ್ಥೆಯಲ್ಲಿ ಇದಕ್ಕೆ ಸಹಾಯಕ ತಂತ್ರಾಂಶವೊಂದು ಬೇಕಾಗುತ್ತದೆ.

ಪ್ರಸಂಗವಶಾತ್ ಒಂದು ಮಾತು. ಯೂನಿಕೋಡ್ ಪಟ್ಟಿಯಲ್ಲಿ ೞಕಾರದ ಹೆಸರನ್ನು ಹುಡುಕುವವರು ನಿರಾಶರಾಗಬಾರದು. ಅಲ್ಲಿ ಅದನ್ನು ಫ ಎಂದು ತಪ್ಪಾಗಿ ನಮೂದಿಸಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅವರ ನಿಯಮವಾದುದರಿಂದ ಸರಿಯಾದ ಹೆಸರನ್ನು ಉಪನಾಮವಾಗಿ ಪಕ್ಕದಲ್ಲಿ ಸೇರಿಸಿದ್ದಾರೆ. ತಾಮ್ರಪಟದ ಲಿಪಿಕಾರನ ತಪ್ಪನ್ನು ಅಡಿಟಿಪ್ಪಣಿಯಲ್ಲಿ ತಿದ್ದುವ ನಮಗೆ ಇದು ಹೊಸದಲ್ಲ.

ಟೋಪಿಗಳ ವಿಷಯದಲ್ಲಿ ಪಿ.ಬಿ.ಟಿ. ಎಂಬ ಪ್ಲಾಸ್ಟಿಕ್ಕು ಎ.ಬಿ.ಎಸ್.ಗಿಂತ ಮೇಲು, ಬೆರಳು ತಾಗಿ ತಾಗಿ ಬೇಗ ನುಣುಪಾಗುವುದಿಲ್ಲ. ಆರ್ ಮತ್ತು ಎಲ್ ಟೋಪಿಗಳ ಮುಂಬದಿಗೆ ಎರಡು ಅಕ್ಷರಗಳನ್ನೂ ಬರೆದು ಅಂಟಿಸಿದ್ದೇವೆ. ಜಿಹ್ವಾಮೂಲೀಯ ಉಪಧ್ಮಾನೀಯಗಳಿಗೂ ಅದೇ ಪದರದಲ್ಲಿ ಸ್ಥಳ ಕೊಟ್ಟಿದ್ದೇವೆ. ಹಿಂದೆ ರ ಮತ್ತು ಳ ಎಂದು ಒತ್ತಿಬಿಟ್ಟ ಕಡತಗಳನ್ನು ಯಂತ್ರದಿಂದ ಸರಿಪಡಿಸುವ ಮಾರ್ಗವಿಲ್ಲ, ಏಕೆಂದರೆ ಯಾವ ರಕಾರ ಮೂಲದಲ್ಲಿಯೂ ರಕಾರವೇ ಆಗಿದ್ದಿತೆಂಬುದನ್ನು ಕಡತವು ಹೇಳಲಾರದು. ಅವನ್ನು ಅಚ್ಚುಪ್ರತಿಯೊಡನೆ ಒಂದೊಂದು ಪಂಕ್ತಿಯಾಗಿ ಹೋಲಿಸಿ ನೋಡುವ ಕೆಲಸ ನಡೆಯುತ್ತಿದೆ.