ಮೀನಿಗೇಕೆ ಬೈಯುತ್ತೀರಿ?

ಮನುಷ್ಯನ ಏಕಾಗ್ರತೆ ಈಗ ಬರೀ 8 ಸೆಕೆಂಡಿಗೆ ಇಳಿದಿದೆಯಂತೆ, ಗಾಜಿನ ತೊಟ್ಟಿಯ ಗೋಲ್ಡ್‌ಫಿಶ್‌ಗಾದರೂ 9 ಸೆಕೆಂಡು ಉಂಟಂತೆ, ಎಲ್ಲ ಈ ರೀಲ್ಸ್ ಮಹಿಮೆಯಂತೆ! ಪೋಷಕರ ಸಭೆಯ ಭಾಷಣದಿಂದ ವಾಟ್ಸ್‌ಆ್ಯಪ್ ಗುಂಪಿನವರೆಗೆ ಎಲ್ಲೆಲ್ಲೂ ಕೇಳಿಬರುವ ಮಾತಿದು. ಇದರ ಜಾಡು ಹಿಡಿದು ಹೋದರೆ ಸಿಗುವುದು ಮೈಕ್ರೋಸಾಫ್ಟ್ ಕಂಪನಿಯ ಕೆನಡಾ ಶಾಖೆ 2015ರಲ್ಲಿ ಜಾಹೀರಾತು ಕೊಡುವವರಿಗಾಗಿ ತಂದ ಒಂದು ವರದಿ. ಅದೂ ಆ ಅಂಕಿಯನ್ನು ತಾನಾಗಿ ಅಳೆದದ್ದಲ್ಲ, ಸ್ಟ್ಯಾಟಿಸ್ಟಿಕ್ ಬ್ರೈನ್ ಎಂಬ ಜಾಲತಾಣದಿಂದ ಎತ್ತಿಕೊಂಡದ್ದು. ಆ ಜಾಲತಾಣಕ್ಕೆ ಅದು ಎಲ್ಲಿಂದ ಬಂತೆಂದು 2017ರಲ್ಲಿ ಬಿಬಿಸಿ ಹುಡುಕಹೊರಟಾಗ ಯಾವ ಸಂಶೋಧನೆಯೂ ಕೈಗೆ ಸಿಗಲಿಲ್ಲ. ಇಸವಿಯನ್ನಾದರೂ ನೋಡಬೇಡವೇ? ಭಾರತಕ್ಕೆ ಇನ್‌ಸ್ಟಾಗ್ರಾಮ್ ರೀಲ್ಸ್ ಬಂದದ್ದು ಟಿಕ್‌ಟಾಕ್ ನಿಷೇಧದ ಬೆನ್ನಿಗೆ, 2020ರ ಜುಲೈಯಲ್ಲಿ. ಹುಟ್ಟುವುದಕ್ಕೆ ಐದು ವರ್ಷ ಮೊದಲೇ ಮಗುವಿನ ತುಂಟತನದ ಮೇಲೆ ದೂರು ದಾಖಲಾದಂತಾಯಿತು! ಇನ್ನು ಆ ಬಡಪಾಯಿ ಮೀನು. ಸನ್ನೆಗೋಲು ಒತ್ತಿದರೆ ಆಹಾರ ಬೀಳುತ್ತದೆ ಎಂಬುದನ್ನು ಅದು ಕಲಿಯುತ್ತದೆ. ದಿನಕ್ಕೆ ಒಂದೇ ಗಂಟೆ ಆ ಸನ್ನೆಗೋಲು ಕೆಲಸ ಮಾಡುವಂತೆ ಇಟ್ಟರೆ, ಹೊತ್ತು ನೋಡಿಕೊಂಡು ಬಂದು ಒತ್ತುವುದನ್ನೂ ಕಲಿಯುತ್ತದೆ. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದವರು ಇದನ್ನು ತೋರಿಸಿ ಇಪ್ಪತ್ತು ವರ್ಷ ದಾಟಿತು.

ಇಷ್ಟಕ್ಕೂ ಏಕಾಗ್ರತೆ ಮಲ್ಲಿಗೆ ಮಾಲೆಯಲ್ಲ, ಮೊಳ ಹಾಕಿ ಅಳೆಯುವುದಕ್ಕೆ. ಗಣಿತದ ಪುಸ್ತಕದ ಮುಂದೆ ಹತ್ತು ನಿಮಿಷಕ್ಕೆ ಆಕಳಿಸುವ ಹುಡುಗನೇ ಕ್ರಿಕೆಟ್ಟಿನ ಮುಂದೆ ಅನ್ನ ನೀರು ಮರೆತು ಕೂರುತ್ತಾನೆ. ಮೂರು ಗಂಟೆಯ ಸಿನಿಮಾಕ್ಕೆ ಈಗಲೂ ಟಿಕೆಟ್ ಸಿಗದ ದಿನಗಳಿವೆ. ಕ್ಯಾಲಿಫೋರ್ನಿಯಾದ ಸಂಶೋಧಕಿ ಗ್ಲೋರಿಯಾ ಮಾರ್ಕ್ ಅವರು ನಿಜವಾಗಿಯೇ ಅಳೆದ ಅಂಕಿಗಳೂ ಉಂಟು. 2004ರಲ್ಲಿ ಜನ ಕಂಪ್ಯೂಟರಿನ ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿದ್ದರು, 2012ರ ಹೊತ್ತಿಗೆ 75 ಸೆಕೆಂಡು, ಈಚೆಗೆ 47. ಇದು ನಂಬಬಹುದಾದ ಲೆಕ್ಕ. ಆದರೆ ಅದು ಹೇಳುವುದು ನಾವು ಎಷ್ಟು ಬೇಗ ಪರದೆ ಬದಲಿಸುತ್ತೇವೆ ಎಂಬುದನ್ನು. ಒಂದೇ ಕಡೆ ಎಷ್ಟು ಹೊತ್ತು ನಿಲ್ಲಬಲ್ಲೆವು ಎಂಬುದನ್ನಲ್ಲ. ಚಾಳಿ ಬೇರೆ, ತ್ರಾಣ ಬೇರೆ. ಈ ಇಳಿತವೂ ರೀಲ್ಸ್‌ಗಿಂತ ಹಳೆಯದು.

ಹಾಗಾದರೆ ಕಿರುವಿಡಿಯೊಗಳು ನಿರಪರಾಧಿಗಳೇ? ಅಲ್ಲ. ಅವುಗಳ ಪೆಟ್ಟು ಬೀಳುವ ಜಾಗ ಬೇರೆ. ಒಲೆಯ ಮೇಲೆ ಹಾಲಿಟ್ಟು, ಐದು ನಿಮಿಷದಲ್ಲಿ ಆರಿಸಬೇಕೆಂದುಕೊಂಡು ಕೈಗೆ ಮೊಬೈಲ್ ತೆಗೆದುಕೊಳ್ಳುತ್ತೇವೆ. ಆಮೇಲೆ ನಮ್ಮನ್ನು ಎಚ್ಚರಿಸುವುದು ಸೀದ ವಾಸನೆ. ಇಲ್ಲಿ ಕೈಕೊಟ್ಟದ್ದು ಏಕಾಗ್ರತೆಯಲ್ಲ, ಅದು ರೀಲ್ಸ್ ಮೇಲೆ ಗಟ್ಟಿಯಾಗಿಯೇ ಇತ್ತು. ಕೈಕೊಟ್ಟದ್ದು ಮುಂದೆ ಮಾಡಬೇಕಾದ ಕೆಲಸದ ನೆನಪು. ಜರ್ಮನಿಯ ಮ್ಯೂನಿಕ್‌ನ ಲುಡ್ವಿಗ್ ಮ್ಯಾಕ್ಸಿಮಿಲಿಯನ್ ವಿಶ್ವವಿದ್ಯಾಲಯದ ತಂಡವೊಂದು 2023ರಲ್ಲಿ ಪ್ರಕಟಿಸಿದ ಸೊಗಸಾದ ಪ್ರಯೋಗ ಈ ನೆನಪನ್ನೇ ಹಿಡಿದು ನೋಡಿದೆ. 60 ಮಂದಿಗೆ ಪರದೆಯ ಮೇಲೆ ಅಕ್ಷರಗಳ ಗುಂಪು ತೋರಿಸುತ್ತ, ಇದು ನಿಜವಾದ ಪದವೋ ಸುಮ್ಮನೆ ಕಲಸಿಟ್ಟ ಅಕ್ಷರಗಳೋ ಹೇಳಿ ಎಂದರು. ಜೊತೆಗೊಂದು ಸಣ್ಣ ಜವಾಬ್ದಾರಿ: ಮೊದಲೇ ಗೊತ್ತುಮಾಡಿದ ಕೆಲವು ಪದಗಳು ಕಂಡರೆ ಮಾತ್ರ ಬೇರೆ ಕೀಲಿ ಒತ್ತಬೇಕು. ಈ ಜವಾಬ್ದಾರಿಯೇ ಒಲೆಯ ಮೇಲಿನ ಹಾಲು. ನಡುವೆ ಸ್ವಲ್ಪ ಬಿಡುವು ಕೊಟ್ಟರು. ಕೆಲವರು ಸುಮ್ಮನೆ ಕೂತರು, ಕೆಲವರು ಟ್ವಿಟರ್ ಓದಿದರು, ಕೆಲವರು ಯೂಟ್ಯೂಬಿನಲ್ಲಿ ವಿಡಿಯೊ ನೋಡಿದರು, ಉಳಿದವರು ಟಿಕ್‌ಟಾಕ್ ಉಜ್ಜಿದರು. ಬಿಡುವು ಮುಗಿಸಿ ಮರಳಿದಾಗ ಆ ಬೇರೆ ಕೀಲಿಯ ನೆನಪು ಎದ್ದು ಕಾಣುವಂತೆ ಕುಸಿದದ್ದು ಟಿಕ್‌ಟಾಕಿನವರಲ್ಲಿ ಮಾತ್ರ. ಯೂಟ್ಯೂಬೂ ವಿಡಿಯೊ, ಟ್ವಿಟರಿನಲ್ಲೂ ವಿಷಯಗಳು ಚೂರುಚೂರು. ಚಿಕ್ಕ ವಿಡಿಯೊ ಮತ್ತು ಹೆಬ್ಬೆರಳಾಡಿದಂತೆಲ್ಲ ಬದಲಾಗುವ ಲೋಕ, ಇವೆರಡೂ ಕೂಡಿದಾಗ ಮಾತ್ರ ಹಾಲು ಉಕ್ಕಿತು.

ವಿಷಯದಿಂದ ವಿಷಯಕ್ಕೆ ಜಿಗಿಯುವುದು ಬುದ್ಧಿ ಚುರುಕಾಗಿರುವುದರ ಲಕ್ಷಣ, ನಮ್ಮ ಅವಧಾನಿಗಳು ಮಾಡುವುದೂ ಅದನ್ನೇ ಅಲ್ಲವೇ ಎಂದು ಯಾರಾದರೂ ವಾದಿಸಬಹುದು. ಒಳ್ಳೆಯ ವಾದ. ಶತಾವಧಾನಿ ಆರ್. ಗಣೇಶರ ಅಷ್ಟಾವಧಾನದಲ್ಲಿ ಎಂಟು ಪೃಚ್ಛಕರು, ಅಂದರೆ ಪ್ರಶ್ನೆ ಒಡ್ಡುವವರು, ಎಂಟು ದಿಕ್ಕಿಗೆ ಎಳೆಯುತ್ತಾರೆ. ನಿಷೇಧಾಕ್ಷರಿಯವರು ಅಕ್ಷರ ಅಕ್ಷರಕ್ಕೂ ಬೇಲಿ ಹಾಕುತ್ತಾರೆ, ಅಪ್ರಸ್ತುತ ಪ್ರಸಂಗಿ ಸಿಕ್ಕ ಸಿಕ್ಕಲ್ಲಿ ಅಡ್ಡಬಾಯಿ ಹಾಕುತ್ತಾರೆ. ಆದರೆ ಅವಧಾನಿ ಒಂದು ಪದ್ಯದ ಒಂದು ಪಾದ ಹೇಳಿ ಮುಂದಿನವರತ್ತ ತಿರುಗುವಾಗ ಹಿಂದಿನದನ್ನು ಬಿಸಾಡುವುದಿಲ್ಲ; ಕಟ್ಟಿಟ್ಟು, ಕೊನೆಗೆ ಧಾರಣೆಯಲ್ಲಿ ಎಲ್ಲವನ್ನೂ ಇಡಿಯಾಗಿ ಒಪ್ಪಿಸುತ್ತಾರೆ. ಅಲ್ಲಿ ಪ್ರತಿ ಜಿಗಿತಕ್ಕೂ ಮರಳುವ ದಾರಿ ಇದೆ. ರೀಲ್ಸ್‌ನಲ್ಲಿ ಮರಳಬೇಕಾದ ಜಾಗವೇ ಇಲ್ಲ. ಬಿರಿಯಾನಿ ಮುಗಿಯುವ ಮುನ್ನ ನಾಯಿಮರಿ, ನಾಯಿಮರಿ ಓಡುವ ಮುನ್ನ ಅಪಘಾತ, ಅದರ ಮೇಲೊಂದು ಹಾಸ್ಯ. ಪ್ರತಿಯೊಂದೂ ಹಿಂದಿನದನ್ನು ಒರೆಸಿಯೇ ಬರುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. 71 ಅಧ್ಯಯನಗಳನ್ನು, ಅಂದರೆ 98 ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು, ಒಟ್ಟುಗೂಡಿಸಿದ 2025ರ ವಿಶ್ಲೇಷಣೆಯೊಂದರಲ್ಲಿ ಕಿರುವಿಡಿಯೊ ಹೆಚ್ಚು ನೋಡುವವರ ಗಮನ ದುರ್ಬಲವಾಗಿಯೇ ಕಂಡಿದೆ. ಆದರೆ ನೋಡಿದ್ದರಿಂದ ಮನಸ್ಸು ಚಂಚಲವಾಯಿತೋ, ಚಂಚಲ ಮನಸ್ಸಿನವರೇ ಹೆಚ್ಚು ನೋಡುತ್ತಾರೋ? ಬೇಜಾರಾದವರು ತಾನೇ ಬೆರಳು ಜಾರಿಸುವುದು? ಇಂಥ ಸಂಶಯಕ್ಕೆ ಸಮೀಕ್ಷೆ ಸಾಲದು, ಪ್ರಯೋಗವೇ ಬೇಕು. ಟೊರಾಂಟೊ ವಿಶ್ವವಿದ್ಯಾಲಯದ ಕೇಟಿ ಟಾಮ್ ಮತ್ತು ಮೈಕೆಲ್ ಇಂಜ್ಲಿಕ್ಟ್ 2024ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ 1,200ಕ್ಕೂ ಹೆಚ್ಚು ಜನ ಪಾಲ್ಗೊಂಡಿದ್ದರು. ಅವರಲ್ಲಿ ವಿದ್ಯಾರ್ಥಿಗಳೇ ಹೆಚ್ಚು, ನೋಡಿದ್ದು ರೀಲ್ಸ್ ಅಲ್ಲ, ಯೂಟ್ಯೂಬ್ ವಿಡಿಯೊ. ಅಷ್ಟು ಎಚ್ಚರಿಕೆ ಇರಲಿ. ಬೇಕಾದಾಗ ಬದಲಿಸಬಹುದಾದರೆ ಬೇಜಾರು ಕಡಿಮೆ ಎಂದೇ ಎಲ್ಲರ ಊಹೆ. ಒಂದು ಪ್ರಯೋಗದಲ್ಲಿ, ಪಾಲ್ಗೊಂಡವರಿಗೆ ಒಂದು ಸಲ ಹತ್ತು ನಿಮಿಷದ ಒಂದೇ ವಿಡಿಯೊ ಕೊಟ್ಟರು, ಓಡಿಸುವಂತಿಲ್ಲ, ಬದಲಿಸುವಂತಿಲ್ಲ. ಇನ್ನೊಂದು ಸಲ ಅದೇ ಹತ್ತು ನಿಮಿಷಕ್ಕೆ ಐದೈದು ನಿಮಿಷದ ಏಳು ವಿಡಿಯೊ, ಎಲ್ಲಿಂದ ಎಲ್ಲಿಗೆ ಬೇಕಾದರೂ ಹಾರಬಹುದು. ಕೊನೆಯಲ್ಲಿ ಕೇಳಿದರೆ, ಹೆಚ್ಚು ಬೇಜಾರೆನಿಸಿದ್ದು ಹಾರಾಡಿದಾಗಲೇ. ಕಟ್ಟಿಹಾಕಿದಂತೆ ಕೂತು ನೋಡಿದ ಆ ಒಂದೇ ವಿಡಿಯೊವನ್ನೇ ಅವರು ಹೆಚ್ಚು ತೃಪ್ತಿ ಕೊಟ್ಟದ್ದೆಂದು ಹೇಳಿದರು.