ಲಾರಿ ತೆಗೆಯುವ ಮುಂಚೆ ಒಂದು ಸುತ್ತು

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಅಕ್ಕಂದಿರಲ್ಲಿ ಕೆಲವರ ಮನೆಯವರು ಲಾರಿ ಓಡಿಸುತ್ತಾರೆ. ಒಂದು ಸಲ ಹೊರಟರೆ ಮೂರು ದಿನ, ನಾಲ್ಕು ದಿನ ಮನೆ ಕಡೆ ಬರೋದಿಲ್ಲ. ಬಂದರೂ ರಾತ್ರಿ ಬಂದು ಬೆಳಗ್ಗೆ ಹೊರಟುಬಿಡುತ್ತಾರೆ.

ಒಂದು ದಿನ ಪಾಠ ಮುಗಿದ ಮೇಲೆ ಒಬ್ಬ ಅಕ್ಕ ಕೇಳಿದರು. "ನಮ್ಮ ಮನೆಯವರು ದಿನಾ ಬೆಳಗ್ಗೆ ಲಾರಿ ಸುತ್ತ ಒಂದು ಸುತ್ತು ಬರ್ತಾರೆ. ಕಬ್ಬಿಣದ ರಾಡು ತಗೊಂಡು ಟೈರಿಗೆ ಬಡೀತಾರೆ. ನಾನು ಅದೇನೋ ಪೂಜೆ ಅಂದ್ಕೊಂಡಿದ್ದೆ. ಯಾಕೆ ಹಾಗೆ ಮಾಡ್ತಾರೆ?"

ಎಲ್ಲರೂ ನಕ್ಕೆವು. ಆದರೆ ನಿಜ ಹೇಳಬೇಕೆಂದರೆ ನಮಗೂ ಸರಿಯಾಗಿ ಗೊತ್ತಿರಲಿಲ್ಲ. ಹಳೆಯ ಡ್ರೈವರುಗಳನ್ನು ಕೇಳಿ ತಿಳಿದುಕೊಂಡೆವು. ಅದನ್ನೇ ಇಲ್ಲಿ ಬರೆದಿದ್ದೇವೆ.

ಲಾರಿಯ ಹಿಂದಿನ ಚಕ್ರ ನೋಡಿದ್ದೀರಾ? ಒಂದೊಂದು ಕಡೆ ಎರಡೆರಡು ಟೈರು ಜೋಡಿಯಾಗಿ ಇರುತ್ತವೆ. ಹೊರಗಿನದು ಕಣ್ಣಿಗೆ ಕಾಣುತ್ತದೆ. ಒಳಗಿನದು ಕಾಣೋದಿಲ್ಲ. ಒಳಗಿನ ಟೈರಿನ ಗಾಳಿ ಹೋಗಿದ್ದರೂ ಲಾರಿ ನೆಟ್ಟಗೇ ನಿಂತಿರುತ್ತದೆ. ಆಗ ಇಬ್ಬರು ಹೊರುವ ಭಾರವನ್ನು ಒಬ್ಬನೇ ಹೊತ್ತ ಹಾಗೆ ಆಗುತ್ತದೆ. ಹೊರಗಿನ ಟೈರು ಬಿಸಿಯಾಗಿ, ದಾರಿಯಲ್ಲಿ ಸಿಡಿಯಬಹುದು. ಅದಕ್ಕೇ ರಾಡಿನಿಂದ ಬಡಿದು ನೋಡುತ್ತಾರೆ. ಗಾಳಿ ತುಂಬಿದ ಟೈರು ರಾಡನ್ನು ಪುಟಿಸುತ್ತದೆ, ಠಣ್ ಅನ್ನುತ್ತದೆ. ಗಾಳಿ ಇಲ್ಲದ ಟೈರು ದಪ್ ಅನ್ನುತ್ತದೆ. ನಾವು ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡುತ್ತೇವಲ್ಲ, ಹಾಗೇ.

ಎರಡು ಟೈರುಗಳ ನಡುವೆ ಕಲ್ಲು ಸಿಕ್ಕಿಕೊಂಡಿದೆಯೇ ಅಂತಲೂ ನೋಡಬೇಕು. ಆ ಕಲ್ಲು ಟೈರನ್ನು ಕೊರೆಯುತ್ತದೆ. ಓಡುವಾಗ ಹಾರಿದರೆ ಹಿಂದೆ ಬರುವವರಿಗೆ ಬಡಿಯುತ್ತದೆ.

ಟೈರಿನ ಮೇಲಿನ ಗೆರೆಗಳಿಗೂ ಒಂದು ಲೆಕ್ಕ ಇದೆ. ಕಾಯಿದೆಯ ಪ್ರಕಾರ ಲಾರಿ ಟೈರಿನ ಗೆರೆ 1.6 ಮಿಲಿಮೀಟರಿಗಿಂತ ಕಡಿಮೆ ಆಳ ಇರಬಾರದು. ಅಂದರೆ ಹೆಚ್ಚುಕಡಿಮೆ ಒಂದು ನಾಣ್ಯದ ದಪ್ಪ. ಅದಕ್ಕಿಂತ ಸವೆದರೆ ಮಳೆಯಲ್ಲಿ ಟೈರು ನೆಲ ಹಿಡಿಯೋದಿಲ್ಲ, ಜಾರುತ್ತದೆ. ಚಕ್ರದ ನಟ್ಟುಗಳನ್ನೂ ನೋಡಬೇಕು. ನಟ್ಟಿನ ಸುತ್ತ ತುಕ್ಕಿನ ಗೆರೆ ಇಳಿದಿದ್ದರೆ ಅದು ಸಡಿಲ ಆಗಿರಬಹುದು.

ಇನ್ನು ಬ್ರೇಕು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಸೈಕಲ್ಲಿಗೆ ಬ್ರೇಕು ಹಾಕಲು ಕೈ ಬಲ ಸಾಕು. ಹತ್ತಾರು ಟನ್ನು ತೂಕದ ಲಾರಿಗೆ ಕಾಲಿನ ಬಲ ಸಾಲದು. ಅದಕ್ಕೆ ದೊಡ್ಡ ಲಾರಿಗಳಲ್ಲಿ ಗಾಳಿಯ ಬಲದಿಂದ ಬ್ರೇಕು ಹಿಡಿಯುವ ಏರ್ಪಾಡು ಇದೆ. ಇಂಜಿನ್ ಓಡುವಾಗ ಒಂದು ಪಂಪು ಗಾಳಿಯನ್ನು ಒತ್ತಿ ಒತ್ತಿ ಟ್ಯಾಂಕಿಗೆ ತುಂಬುತ್ತದೆ. ಡ್ರೈವರು ಪೆಡಲು ತುಳಿದಾಗ ಆ ಗಾಳಿ ಪೈಪಿನಲ್ಲಿ ಹೋಗಿ ಬ್ರೇಕನ್ನು ಹಿಡಿಸುತ್ತದೆ. ಲಾರಿ ನಿಂತಾಗ "ಟುಸ್" ಅಂತ ಸದ್ದು ಕೇಳಿಸುತ್ತದಲ್ಲ, ಅದು ಈ ಗಾಳಿಯದೇ.

ಎಷ್ಟು ಗಾಳಿ ಇದೆ ಅಂತ ಡ್ರೈವರಿನ ಮುಂದೆ ಒಂದು ಮುಳ್ಳು ತೋರಿಸುತ್ತದೆ. ಬೆಳಗ್ಗೆ ಇಂಜಿನ್ ಹಾಕಿ ಮುಳ್ಳು ಮೇಲೆ ಏರುವ ತನಕ ಕಾಯಬೇಕು. ಆಮೇಲೆ, ಲಾರಿ ಉರುಳದ ಹಾಗೆ ಚಕ್ರಕ್ಕೆ ಮರದ ತುಂಡು ಕೊಟ್ಟು, ಇಂಜಿನ್ ನಿಲ್ಲಿಸಿ, ಪೆಡಲು ತುಳಿದು ಹಿಡಿಯಬೇಕು. ತುಳಿದ ತಕ್ಷಣ ಮುಳ್ಳು ಸ್ವಲ್ಪ ಇಳಿಯುವುದು ಸಹಜ. ತುಳಿದು ಹಿಡಿದೇ ಇದ್ದರೂ ಇಳಿಯುತ್ತಲೇ ಹೋದರೆ ಎಲ್ಲೋ ಗಾಳಿ ಸೋರುತ್ತಿದೆ ಅಂತ ಅರ್ಥ. ಕಿವಿಗೊಟ್ಟರೆ ಸುಯ್ ಅನ್ನುವ ಸದ್ದೂ ಕೇಳಿಸಬಹುದು. ಅಂಥ ಲಾರಿಯನ್ನು ರಿಪೇರಿ ಮಾಡಿಸದೆ ತೆಗೆಯಬಾರದು.

ಗಾಳಿಯ ಜೊತೆ ನೀರಿನ ಪಸೆಯೂ ಟ್ಯಾಂಕಿನಲ್ಲಿ ಸೇರಿಕೊಳ್ಳುತ್ತದೆ. ಅದನ್ನು ಬಿಡದಿದ್ದರೆ ನೀರು ನಿಂತು, ಒಳಗಿನ ಭಾಗಗಳು ತುಕ್ಕು ಹಿಡಿದು ಕೆಡುತ್ತವೆ. ಟ್ಯಾಂಕಿನ ಕೆಳಗೆ ನೀರು ಬಿಡಲು ಒಂದು ಬಾಯಿ ಇರುತ್ತದೆ. ಎರಡು ನಿಮಿಷದ ಕೆಲಸ. ಆದರೆ ಅವಸರದಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಇದೇ ಕೆಲಸ ಅಂತ ಡ್ರೈವರುಗಳೇ ಒಪ್ಪಿಕೊಳ್ಳುತ್ತಾರೆ.

ಬಯಲು ಸೀಮೆಯಲ್ಲಿ ಹೇಗೋ ನಡೆದೀತು. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವ ಲಾರಿ ಏನು ಮಾಡಬೇಕು? ಇಳಿಜಾರು ಉದ್ದಕ್ಕೂ ಬ್ರೇಕು ತುಳಿಯುತ್ತಲೇ ಹೋದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಆದ್ದರಿಂದ ಸಣ್ಣ ಗೇರಿನಲ್ಲಿ ನಿಧಾನವಾಗಿ ಇಳಿಸುತ್ತಾರೆ. ಮೊದಲೇ ಸವೆದ ಬ್ರೇಕಾದರೆ ಎಂಥ ಜಾಣ ಡ್ರೈವರಿಗೂ ಕಷ್ಟ.

ಉಳಿದವು ಬೇಗ ಮುಗಿಯುತ್ತವೆ. ಇಂಜಿನ್ ಆಯಿಲು, ನೀರು ನೋಡಬೇಕು. ಲಾರಿ ನಿಂತ ಜಾಗದಲ್ಲಿ ನೆಲಕ್ಕೆ ಎಣ್ಣೆ ಬಿದ್ದಿದೆಯೇ ನೋಡಬೇಕು. ದೀಪ, ಹಾರನ್ನು, ಕನ್ನಡಿ, ವೈಪರು ಸರಿ ಇರಬೇಕು. ಸ್ಟೇರಿಂಗ್ ಸಡಿಲ ಇರಬಾರದು. ಲೋಡು ಹೇರಿದ ಮೇಲೆ ಹಗ್ಗ ಬಿಗಿಯಾಗಿದೆಯೇ ಅಂತ ಇನ್ನೊಂದು ಸಲ ನೋಡಬೇಕು.

ಲೋಡಿನ ಮಾತು ಬಂತು. ಕಾಯಿದೆ 2019ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ ಮಿತಿ ಮೀರಿ ಹೇರಿದರೆ 20,000 ರೂಪಾಯಿ ದಂಡ. ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ. ಹೆಚ್ಚಿಗೆ ಹೇರಿದರೆ ಬಾಡಿಗೆ ಹೆಚ್ಚು ಬರುತ್ತದೆ, ನಿಜ. ಆ ಬಾಡಿಗೆ ಮಾಲೀಕರ ಕೈಗೆ. ಘಾಟಿಯಲ್ಲಿ ಎದೆ ಹೊಡೆದುಕೊಳ್ಳುವುದು ಮಾತ್ರ ಡ್ರೈವರಿಗೆ. ಇದು ನ್ಯಾಯವೇ ಅಂತ ನಮಗೆ ಅನ್ನಿಸಿತು.

"ಬ್ರೇಕು ಸರಿ ಇಲ್ಲ ಅಂದ್ರೆ, ಇದೊಂದು ಟ್ರಿಪ್ಪು ಹೋಗಿ ಬಾ ಅಂತಾರಂತೆ ಮಾಲೀಕರು. ಏನು ಮಾಡೋದು?" ಅಂತ ಇನ್ನೊಬ್ಬ ತಂಗಿ ಕೇಳಿದಳು.

ಕಾಯಿದೆ ಏನು ಹೇಳುತ್ತದೆ ನೋಡಿ. 1988ರ ಮೋಟಾರು ವಾಹನ ಕಾಯಿದೆಯಲ್ಲಿ 190ನೇ ಕಲಂ ಅಂತ ಇದೆ. ಅಪಾಯ ತರುವಂಥ ದೋಷ ಇರುವ ಗಾಡಿಯನ್ನು ರಸ್ತೆಗೆ ತರುವುದು ತಪ್ಪು. ಗೊತ್ತಿದ್ದೂ ತಂದರೆ ತಪ್ಪು. ಸ್ವಲ್ಪ ಎಚ್ಚರದಿಂದ ನೋಡಿದ್ದರೆ ಗೊತ್ತಾಗುತ್ತಿದ್ದ ದೋಷವಾದರೂ ತಪ್ಪು. "ನಾನು ನೋಡಿರಲಿಲ್ಲ ಸ್ವಾಮಿ" ಅಂದರೆ ನಡೆಯೋದಿಲ್ಲ. 1,500 ರೂಪಾಯಿ ತನಕ ದಂಡ. ಆ ದೋಷದಿಂದಲೇ ಅಪಘಾತವಾಗಿ ಯಾರಿಗಾದರೂ ಪೆಟ್ಟಾದರೆ ಮೂರು ತಿಂಗಳ ತನಕ ಜೈಲು, ಇಲ್ಲವೇ 5,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಇದು ಓಡಿಸಿದವರಿಗೆ ಮಾತ್ರ ಅಲ್ಲ. ಓಡಿಸಲು ಹೇಳಿದವರಿಗೂ, ಬಿಟ್ಟವರಿಗೂ ಸೇರಿದ್ದು.

ಆದರೆ ಹೇಳಿದ್ದಕ್ಕೆ ಸಾಕ್ಷಿ ಎಲ್ಲಿ? ಇಲ್ಲೇ ಬರವಣಿಗೆ ಬೇಕಾಗೋದು.

ಅಮೆರಿಕದಲ್ಲಿ ಇದಕ್ಕೊಂದು ನಿಯಮ ಇದೆ. ಲಾರಿಯಲ್ಲಿ ದೋಷ ಕಂಡರೆ ಡ್ರೈವರು ದಿನದ ಕೆಲಸ ಮುಗಿದ ಮೇಲೆ ಅದನ್ನು ಬರೆದು, ಸಹಿ ಹಾಕಿ, ಕಂಪನಿಗೆ ಕೊಡಬೇಕು. ಅಪಾಯದ ದೋಷವನ್ನು ಕಂಪನಿ ರಿಪೇರಿ ಮಾಡಿಸಿ, ಆಯಿತು ಅಂತ ಬರೆದು ಸಹಿ ಮಾಡಬೇಕು. ಮುಂದೆ ಆ ಲಾರಿ ತೆಗೆಯುವ ಡ್ರೈವರು ಅದನ್ನು ಓದಿ ತಾನೂ ಸಹಿ ಹಾಕಬೇಕು. ಆ ಕಾಗದವನ್ನು ಮೂರು ತಿಂಗಳು ಇಟ್ಟಿರಬೇಕು. ನಮ್ಮ ಕಡೆ ಹೀಗೆ ದಿನಾ ಬರೆದಿಡುವ ರೂಢಿ ಕಡಿಮೆ. ಆದರೆ ಒಂದು ನೋಟುಬುಕ್ಕು ಇಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ತಾರೀಕು, ಲಾರಿ ನಂಬರು, ಏನು ಕೆಟ್ಟಿದೆ, ಯಾರಿಗೆ ಹೇಳಿದೆ. ನಾಲ್ಕು ಸಾಲು. ಮನೆಯವರು ಫೋನಿನಲ್ಲಿ ಹೇಳಿದರೆ ನೀವೂ ಬರೆದುಕೊಳ್ಳಬಹುದು.

ಕಾಗದಪತ್ರದ ತಾರೀಕು ನೋಡುವುದಂತೂ ನೀವೇ ಮಾಡಬಹುದು. ಲಾರಿ ರಸ್ತೆಗೆ ಯೋಗ್ಯ ಅಂತ ಕೊಡುವ ಕಾಗದಕ್ಕೆ ಎಫ್‌ಸಿ ಅನ್ನುತ್ತಾರೆ. ಹೊಸ ಲಾರಿಗೆ ಎರಡು ವರ್ಷ ಇರುತ್ತದೆ. ಎಂಟು ವರ್ಷ ಆಗುವ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷವೂ ಮಾಡಿಸಬೇಕು. ಇನ್ಶೂರೆನ್ಸು, ಪರ್ಮಿಟ್ಟು, ಹೊಗೆ ತಪಾಸಣೆಯ ಕಾಗದ, ಇವಕ್ಕೂ ಕೊನೆಯ ತಾರೀಕು ಉಂಟು. ಲಾರಿ ಡ್ರೈವರಿನ ಲೈಸೆನ್ಸು ಐದು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಯಾವುದಾದರೂ ಒಂದರ ತಾರೀಕು ಮುಗಿದಿದ್ದು ಅಪಘಾತವಾದರೆ, ಪರಿಹಾರ ಕೊಡುವಾಗ ವಿಮೆಯವರು ತಕರಾರು ತೆಗೆಯುತ್ತಾರೆ. ಆಗ ಅಲೆಯಬೇಕಾದವರು ನಾವೇ ಹೆಂಗಸರು.

ಈ ಕಾಗದಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ ಇರುತ್ತವೆ. ಹೆದರಬೇಡಿ. ಅಂಕಿ ಓದಲು ಬಂದರೆ ಸಾಕು. ಮೊದಲು ದಿನ, ಆಮೇಲೆ ತಿಂಗಳು, ಕೊನೆಗೆ ವರ್ಷ. ಎರಡು ತಾರೀಕು ಇದ್ದರೆ ಕೊನೆಯದು ಯಾವುದು ಅಂತ ನೋಡಿ.

ಮೊದಲು ಪ್ರಶ್ನೆ ಕೇಳಿದ ಅಕ್ಕ ಮರುವಾರ ಬಂದರು. ಮನೆಯವರ ಹತ್ತಿರ ಕಾಗದದ ಚೀಲ ಈಸಿಕೊಂಡು ನೋಡಿದರಂತೆ. ಲೈಸೆನ್ಸು ಮುಗಿಯಲು ಹನ್ನೊಂದೇ ದಿನ ಬಾಕಿ ಇತ್ತಂತೆ. "ಗೋಡೆ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿದ್ದೀನಿ. ಅವರು ಹೋದ ಸೋಮವಾರವೇ ಆರ್‌ಟಿಓ ಆಫೀಸಿಗೆ ಹೋಗಿ ಅರ್ಜಿ ಕೊಟ್ಟು ಬಂದರು" ಅಂದರು.